ಸಾರವೆ, ಸೆಂಟ್ರಿಂಗ್, ಅಟ್ಟಣಿಗೆ: ಫಲಕಕ್ಕೆ ಯಾವ ಪದ?

ಪ್ರಶ್ನೆ: ಹುಬ್ಬಳ್ಳಿಯ ಮೂರಂತಸ್ತಿನ ಕಟ್ಟಡವೊಂದರ ಹೊರಗೋಡೆಗೆ ಗಿಲಾವು ಮಾಡುವವರಿಗಾಗಿ ಸುರಕ್ಷತೆಯ ಫಲಕ ಬರೆಯಬೇಕಿದೆ. ‘ಸ್ಕ್ಯಾಫೋಲ್ಡಿಂಗ್’ಗೆ (ಎತ್ತರದಲ್ಲಿ ನಿಂತು ಕೆಲಸ ಮಾಡಲು ಕಟ್ಟುವ ಚೌಕಟ್ಟು) ನಿಘಂಟಿನಲ್ಲಿ ‘ಸಾರವೆ’, ‘ಅಟ್ಟಣಿಗೆ’ ಎರಡೂ ಸಿಗುತ್ತವೆ. ಕೆಲಸದವರ ಬಾಯಲ್ಲಿ ‘ಸೆಂಟ್ರಿಂಗ್’ ಕೇಳಿಸುತ್ತದೆ. ಕರಡಿನಲ್ಲಿ ‘ಟೈ’ಗೆ ‘ಕಟ್ಟು’, ‘ಟೋ ಬೋರ್ಡ್’ಗೆ ‘ಬೆರಳು ಹಲಗೆ’, ‘ಹ್ಯಾಂಡ್‌ರೇಲ್’ಗೆ ‘ಕೈಪಿಡಿ’ ಎಂದಿದೆ. ತಿದ್ದಿ ಕೊಡುವಿರಾ?

ಉತ್ತರ: ಸರ್, ಮೊದಲು ‘ಸೆಂಟ್ರಿಂಗ್’ ತೆಗೆಯಿರಿ. ಅದು ಹಸಿ ಕಾಂಕ್ರೀಟನ್ನು ಹೊರುವ ಹಲಗೆ, ತಗಡು, ಜಾಕುಗಳ (ಆಸರೆ ಕಂಬಗಳ) ಹೆಸರು. ಸಾರವೆ ಹೊರುವುದು ಮನುಷ್ಯನನ್ನು, ಅವನ ಮಾಲನ್ನು. ಎರಡಕ್ಕೂ ಒಂದೇ ಹೆಸರಾದರೆ ‘ಬಿಚ್ಚು’ ಎಂಬ ಮಾತು ಅಪಾಯ ತರುತ್ತದೆ. ಸಾರವೆಯನ್ನು ಕೆಲಸ ಮುಗಿದೊಡನೆ ಮೇಲಿನಿಂದ ಬಿಚ್ಚುತ್ತ ಬರಬಹುದು. ಸೆಂಟ್ರಿಂಗಿಗೆ ದಿನದ ಲೆಕ್ಕವಿದೆ: ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ, ಸಾಮಾನ್ಯ ಸಿಮೆಂಟು ಬಳಸಿದ್ದರೆ, ಆಸರೆಯಿಂದ ಆಸರೆಗೆ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಜಾಕುಗಳು ಕನಿಷ್ಠ 7 ದಿನ ಇರಬೇಕು, ಅದಕ್ಕೂ ಅಗಲವಾದರೆ 14 ದಿನ. ಹೊರಗಿನ ಪೈಪು ಬಿಚ್ಚಲು ಹೇಳಿದ್ದನ್ನು ಕೇಳಿ ಒಳಗಿನ ಜಾಕು ಎಳೆದರೆ ಏನಾದೀತು ನೋಡಿ.

‘ಅಟ್ಟಣಿಗೆ’ ಅಂದರೆ ನಮ್ಮ ಕಡೆ ಹೊಲದಲ್ಲಿ ಹಕ್ಕಿ ಕಾಯುವ ಎತ್ತರದ ಮಂಚಿಕೆ ಕಣ್ಣಿಗೆ ಬರುತ್ತದೆ. ಆ ಪದ ಒಂದು ನೆಲೆಯನ್ನು ಹೇಳೀತು, ಕಂಬ, ಅಡ್ಡಪೈಪು, ಓರೆಪೈಪು ಸೇರಿದ ಇಡೀ ಚೌಕಟ್ಟನ್ನಲ್ಲ. ಹಾಗಾಗಿ ಚೌಕಟ್ಟಿಗೆ ಸಾರವೆ, ನಿಂತು ಕೆಲಸ ಮಾಡುವ ಜಾಗಕ್ಕೆ ‘ಹಲಗೆ’ ಅಥವಾ ‘ಫಳಿ’ ಸಾಕು. ತಮಿಳಿನಲ್ಲೂ ಇದು ‘ಸಾರಂ’. ಮರಾಠಿ ಬಲ್ಲ ಗವಂಡಿಗಳು ‘ಪರಾಂಚಿ’ ಎಂದಾರು. ಮೊದಲ ಸಾಲಿನಲ್ಲಿ ಒಮ್ಮೆ ‘ಸಾರವೆ, ಅಂದರೆ ಸ್ಕ್ಯಾಫೋಲ್ಡಿಂಗ್’ ಎಂದು ಬರೆದುಬಿಡಿ.

ನನಗೆ ಹೆಚ್ಚು ಅಂಜಿಕೆ ‘ಕಟ್ಟು’ವಿನದು. ‘ಸಾರವೆಯನ್ನು ಸರಿಯಾಗಿ ಕಟ್ಟಬೇಕು’ ಎಂದರೆ ಓದುವವನು ಪೈಪಿಗೆ ಪೈಪು ಬಿಗಿಯುವುದು ಎಂದುಕೊಳ್ಳುತ್ತಾನೆ. ಇಂಗ್ಲಿಷಿನ ‘ಟೈ’ ಸಾರವೆಯನ್ನು ಕಟ್ಟಡಕ್ಕೆ ಹಿಡಿಸುವ ಮಾತು. ಆಸರೆಯಿಲ್ಲದೆ ನಿಂತ ಸಾರವೆ ತನ್ನ ಬುಡದ ಕಿರಿ ಅಗಲದ ಮೂರು ಪಟ್ಟಿಗಿಂತ ಎತ್ತರ ಏರಬಾರದು ಎಂಬುದು ಸುರಕ್ಷಿತ ಲೆಕ್ಕ, 1.2 ಮೀಟರ್ ಅಗಲಕ್ಕೆ ಸುಮಾರು 3.6 ಮೀಟರ್. ಅದಕ್ಕಿಂತ ಮೇಲೆ ಕಾಲಂ ಇಲ್ಲವೆ ಬೀಮಿಗೆ ಹಿಡಿಸಲೇಬೇಕು, ಕಿಟಕಿ ಚೌಕಟ್ಟಿಗೆ, ನೀರಿನ ಪೈಪಿಗೆ ಅಲ್ಲ. ಗಿಲಾವಿಗೆ ಅಡ್ಡ ಬರುತ್ತದೆಂದು ಈ ಹಿಡಿತಗಳನ್ನೇ ಮೊದಲು ತೆಗೆಯುತ್ತಾರೆ, ಮತ್ತೆ ಹಾಕುವುದು ಮರೆಯುತ್ತಾರೆ. ಮೇಲೆ ಹಸಿರು ಜಾಳಿಗೆ ಹೊದಿಸಿದ್ದರೆ ಆಷಾಢದ ಗಾಳಿಗೆ ಅದು ಹಾಯಿಯಾಗುತ್ತದೆ. ಗದಗಿನ ಕಪ್ಪತಗುಡ್ಡದ ಕಡೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ಇದನ್ನೂ ತಳ್ಳುತ್ತದೆ. ಆದ್ದರಿಂದ ಹೀಗೆ ಬರೆಯಿರಿ: ‘ಸಾರವೆಯನ್ನು ಕಾಲಂಗೆ ಹಿಡಿಸಿದ ಪೈಪನ್ನು ಮೇಸ್ತ್ರಿಗೆ ಹೇಳದೆ ತೆಗೆಯಬೇಡಿ.’

‘ಕೈಪಿಡಿ’ ಓದುವ ಪುಸ್ತಕ, ಬಿಡಿ. ಸೊಂಟದೆತ್ತರಕ್ಕೆ, ಹಲಗೆಯಿಂದ ಸುಮಾರು 1 ಮೀಟರ್ ಮೇಲೆ ಹೊರಬದಿಗೆ ಹಾಕುವುದನ್ನು ‘ತಡೆಪೈಪು’ ಎನ್ನಿ, ಅದಕ್ಕೂ ಹಲಗೆಗೂ ನಡುವೆ ಇನ್ನೊಂದು. ‘ಬೆರಳು ಹಲಗೆ’ ಯಾರಿಗೂ ತಿಳಿಯದು. ಅದರ ಕೆಲಸ ಕರಣಿ, ಇಟ್ಟಂಗಿ ಚೂರು ಕೆಳಗಿನವರ ತಲೆಗೆ ಬೀಳದಂತೆ ತಡೆಯುವುದು. ‘ಅಂಚುಹಲಗೆ, 150 ಮಿಲಿಮೀಟರ್ ಎತ್ತರ’ ಸರಿಹೋಗುತ್ತದೆ.

ಕರಡಿನಲ್ಲಿ ಬುಡದ ಮಾತೇ ಇಲ್ಲ. ಎರೆ ನೆಲದಲ್ಲಿ ಇದು ದೊಡ್ಡ ಕೊರತೆ: ಎರೆ ಮಣ್ಣು ಮಳೆಗೆ ಉಬ್ಬಿ ಮೆತ್ತಗಾಗುತ್ತದೆ, ಸಾರವೆಯ ಒಂದು ಕಾಲು ಇಳಿದರೂ ಅದು ಇಡಿಯಾಗಿ ವಾಲುತ್ತದೆ. ಕಾಲಿನಡಿ ಕಬ್ಬಿಣದ ತಟ್ಟೆ, ಅದರಡಿ ಕನಿಷ್ಠ ಎರಡು ಕಾಲಿಗೆ ಎಟುಕುವ ದಪ್ಪ ಮರದ ಹಲಗೆ ಬೇಕು. ‘ಸಾರವೆ ಕಾಲಿನ ಕೆಳಗೆ ಇಟ್ಟಂಗಿ ಇಡಬೇಡಿ. ಮಳಿ ಆದಮ್ಯಾಲೆ ಬುಡ ನೋಡಿ ಹತ್ತಿ’ ಎಂದು ಆಡುಮಾತಿನಲ್ಲೇ ಹಾಕಿ, ತಪ್ಪಿಲ್ಲ.

ನಿಚ್ಚಣಿಕೆಗೆ ಒಂದು ಸಾಲು ಸಾಕು: ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದಡಿ ದೂರ, ತುದಿ ಇಳಿಯುವ ಹಲಗೆಗಿಂತ 1 ಮೀಟರ್ ಮೇಲೆ.

ಕೊನೆಗೆ ಕರಡಿನ ‘ಸೇಫ್ಟಿ ಬೆಲ್ಟ್ ಧರಿಸಿ’. ಇದೂ ಮೋಸದ ವಾಕ್ಯ. ಬೆಲ್ಟ್ ಧರಿಸಿರುತ್ತಾರೆ, ಕೊಕ್ಕೆ ಬೆನ್ನ ಹಿಂದೆ ಜೋತಾಡುತ್ತಿರುತ್ತದೆ. ಕ್ರಿಯಾಪದ ಬದಲಿಸಿ: ‘ಬೆಲ್ಟಿನ ಕೊಕ್ಕೆಯನ್ನು ತಲೆಗಿಂತ ಮೇಲಿನ ಲೈಫ್‌ಲೈನಿಗೆ ಸಿಗಿಸಿ, ಆಮೇಲೆ ಕರಣಿ ಹಿಡಿಯಿರಿ.’ (ಲೈಫ್‌ಲೈನ್ ಅಂದರೆ ಜಾರಿದವನನ್ನು ಹಿಡಿಯಲು ಗಟ್ಟಿಯಾಗಿ ಕಟ್ಟಿದ ಹಗ್ಗ.)