ಅಪ್ಪನ ಬಿಪಿ ಮಾತ್ರೆ ಅಸಲಿನಾ ನಕಲಿನಾ, ಹೇಗೆ ಗೊತ್ತು ಮಾಡ್ಕೊಳ್ಳೋದು?

ಮಲೆನಾಡ ಮಗಳು:
ಪ್ರತಿ ತಿಂಗಳು ಊರಿನ ಮೆಡಿಕಲ್ಸಲ್ಲೇ ತಗೋತಿದ್ವಿ, ಈ ಸಲ ಡಿಸ್ಕೌಂಟ್ ಜಾಸ್ತಿ ಅಂತ ಬೇರೆ ಅಂಗಡಿಯಿಂದ ತಂದ್ವಿ. ಅದೇ ಹೆಸರು, ಅದೇ ಕಂಪನಿ, ಆದ್ರೆ ಫಾಯಿಲ್ ಮೇಲಿನ ಅಕ್ಷರ ಬೆರಳಲ್ಲಿ ಉಜ್ಜಿದ್ರೆ ಅಳಿಸ್ತಿದೆ, ಬಿಪಿನೂ ಇಳೀತಿಲ್ಲ. ತುಂಬಾ ಭಯ ಆಗ್ತಿದೆ.

ಫಾರ್ಮಸಿ ಅಣ್ಣ:
ಮೊದಲು ಡಾಕ್ಟ್ರಿಗೆ ಹೇಳಿ, ಹಳೇ ಅಂಗಡಿಯಿಂದ ಬಿಲ್ ಸಮೇತ ಬೇರೆ ಸ್ಟ್ರಿಪ್ ತಗೊಳ್ಳಿ, ಮಾತ್ರೆ ಮಾತ್ರ ತಪ್ಪಿಸ್ಬೇಡಿ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟ ಆಗೋ 300 ಬ್ರ್ಯಾಂಡ್‌ಗಳಿಗೆ ಕ್ಯೂಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿ, ಆದ್ರೆ ಅಷ್ಟಕ್ಕೇ ಬಿಡ್ಬೇಡಿ, ಕೋಡನ್ನೂ ಕಾಪಿ ಹೊಡೀಬಹುದು, ಅಲ್ಲಿ ಬರೋ ಬ್ಯಾಚ್ ನಂಬರು ಎಕ್ಸ್‌ಪೈರಿ ಸ್ಟ್ರಿಪ್ ಮೇಲಿರೋದಕ್ಕೆ ತಾಳೆ ಆಗ್ಬೇಕು. ನಾಲ್ಕು ಮಾತ್ರೆ ಕತ್ತರಿಸಿ ಕೊಡ್ತಾರಲ್ಲ, ಎಷ್ಟೋ ಸಲ ಬ್ಯಾಚ್ ನಂಬರ್ ಇರೋ ತುಂಡು ಅಂಗಡೀಲೇ ಉಳಿದಿರುತ್ತೆ, ಆಮೇಲೆ ಏನ್ ಹಿಡ್ಕೊಂಡು ಕೇಳ್ತೀರಿ?

ವಾರ್ಡ್ ಸಿಸ್ಟರ್:
ಇಂಜೆಕ್ಷನ್ ವಿಷಯನೂ ಹೇಳ್ಬೇಕು. 2024ರ ಮಾರ್ಚಲ್ಲಿ ದೆಹಲಿ ಪೊಲೀಸರು ಹಿಡಿದ ಕೇಸಲ್ಲಿ ದುಬಾರಿ ಕ್ಯಾನ್ಸರ್ ಔಷಧಿಯ ಖಾಲಿ ವಯಲ್‌ಗಳಿಗೆ (ಇಂಜೆಕ್ಷನ್ ಔಷಧಿಯ ಪುಟ್ಟ ಬಾಟಲಿ) ಫಂಗಸ್ ಔಷಧಿ ತುಂಬಿ ಮಾರ್ತಿದ್ರು, ವಯಲ್ ಅಸಲಿ ಲೇಬಲ್ ಅಸಲಿ, ಒಳಗಿದ್ದದ್ದು ಮಾತ್ರ ಬೇರೆ. ಜಮೀನು ಮಾರಿ ಕೀಮೋ ಮಾಡಿಸೋರ ಗತಿ ಏನು ಹೇಳಿ. ನಿಮ್ಮವರಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಖಾಲಿ ವಯಲ್ ಲೇಬಲ್ ಹರಿದು ನಾಶ ಮಾಡೋಕೆ ಹೇಳಿ, ಹಾಗೇ ಹೊರಗೆ ಹೋಗೋಕೆ ಬಿಡ್ಬೇಡಿ.

ಕರಾವಳಿ ಕಿಟ್ಟಿ:
ಕ್ಯೂಆರ್ ಒಂದರಿಂದ ಆಗಲ್ಲ. 2022ರಲ್ಲಿ ಗ್ಯಾಂಬಿಯಾದಲ್ಲಿ ನಮ್ಮ ದೇಶದಿಂದ ಹೋದ ಕೆಮ್ಮಿನ ಸಿರಪ್ ಕುಡಿದು ಸುಮಾರು 70 ಮಕ್ಕಳು ಸತ್ತ ಸುದ್ದಿ ನೆನಪಿದ್ಯಲ್ಲ, ಅದು ಕಳ್ಳ ಲೇಬಲ್ ಅಲ್ಲ, ಲೈಸೆನ್ಸ್ ಇದ್ದ ಕಂಪನಿದೇ, ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್ಒ) ಟೆಸ್ಟಲ್ಲಿ ಡೈಇಥಿಲೀನ್ ಗ್ಲೈಕಾಲ್ ಅನ್ನೋ ವಿಷದ ಕೆಮಿಕಲ್ ಸಿಕ್ತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ಔಷಧಿ ನಕಲಿ ಇಲ್ಲಾ ಕಳಪೆ ಅಂತ 2017ರಲ್ಲೇ ಅವರು ಅಂದಾಜು ಕೊಟ್ಟಿದ್ರು. ನೈಜೀರಿಯಾದಲ್ಲಿ ಡೋರಾ ಅಕುನ್ಯಿಲಿ ಅಂತ ಔಷಧ ಇಲಾಖೆ ಮುಖ್ಯಸ್ಥೆ ಇದ್ರು, ನಕಲಿ ಇನ್ಸುಲಿನ್‌ನಿಂದ ಸ್ವಂತ ತಂಗೀನ ಕಳ್ಕೊಂಡೋರು, ದಂಧೆಯವರ ಮೇಲೆ ಮುಗಿಬಿದ್ರು, 2003ರಲ್ಲಿ ಗುಂಡು ಹಾರಿಸಿದ್ರೂ ಜಗ್ಗಲಿಲ್ಲ. ಅಧಿಕಾರಿ ಗಟ್ಟಿ ಇದ್ರೆ ಕೆಲಸ ಆಗುತ್ತೆ, ನಮ್ಮಲ್ಲೂ ಲ್ಯಾಬು, ಇನ್ಸ್‌ಪೆಕ್ಟರುಗಳು ಜಾಸ್ತಿ ಬೇಕು ಅಂತ ನಾವು ಕೇಳ್ಲೇಬೇಕು.

ಮಲೆನಾಡ ಮಗಳು:
ಎಲ್ರಿಗೂ ಥ್ಯಾಂಕ್ಸ್. ಇದರ ಮೇಲೆ ಕ್ಯೂಆರ್ ಇಲ್ಲ, ಬಿಲ್ಲೂ ಕೊಟ್ಟಿಲ್ಲ. ಅರ್ಧ ಸ್ಟ್ರಿಪ್ ಉಳಿದಿದೆ, ಟೆಸ್ಟಿಗೆ ಸಾಕಾ?

ಫಾರ್ಮಸಿ ಅಣ್ಣ:
ಇರೋದನ್ನ ಬಿಸಾಕ್ದೆ ಫಾಯಿಲ್ ಸಮೇತ ಕವರಲ್ಲಿಟ್ಟು ಜಿಲ್ಲೆಯ ಔಷಧ ನಿಯಂತ್ರಣ ಆಫೀಸಿಗೆ ಬರವಣಿಗೇಲಿ ದೂರು ಕೊಡಿ. ಅಂಗಡೀಲಿ ಅದೇ ಬ್ಯಾಚ್ ಇದ್ರೆ ಇನ್ಸ್‌ಪೆಕ್ಟರೇ ಸ್ಯಾಂಪಲ್ ತೆಗೀಬಹುದು. ಫೀಸ್ ಕಟ್ಟಿ ನೀವೇ ಸರ್ಕಾರಿ ಲ್ಯಾಬಿಗೆ ಕೊಡೋಕೂ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆಯ ಸೆಕ್ಷನ್ 26ರಲ್ಲಿ ಅವಕಾಶ ಇದೆ.