ಸಹಾಯ ಬೇಕು: ಕ್ಯಾರವಾನ್‌ನ ಜಾರುವ ಕೋಣೆ ಓರೆಯಾಗಿದೆ

ಎಲ್ಲರಿಗೂ ನಮಸ್ಕಾರ. ನಾವು ಗಂಗಾವತಿಯವರು. ನಮ್ಮ ಟ್ರೇಲರ್ ಕ್ಯಾರವಾನ್ (ಗಾಡಿಗೆ ಕಟ್ಟಿ ಎಳೆಯುವ ಚಕ್ರದ ಮನೆ) ಆನೆಗೊಂದಿ ಹತ್ತಿರ ನಿಂತಿದೆ. ಅದರ ಪಕ್ಕಕ್ಕೆ ಜಾರಿ ಹೊರಬರುವ ಕೋಣೆ ಈಗ ಪೂರ್ತಿ ಒಳಗೆ ಹೋಗುತ್ತಿಲ್ಲ. ಮುಂದಿನ ಬದಿ ಸರಿಯಾಗಿ ಕೂರುತ್ತದೆ, ಹಿಂದಿನದು ಎರಡು ಬೆರಳಷ್ಟು ಹೊರಗೇ ಉಳಿಯುತ್ತದೆ. ರಬ್ಬರ್ ಸೀಲ್ ಅಲ್ಲೇ ಮಡಚಿಕೊಂಡಿದೆ. ಮೊನ್ನೆ ಮಳೆ ನೀರು ಇಳಿದು ಅಪ್ಪನ ಹಾಸಿಗೆ ನೆನೆಯಿತು, ತುಂಬಾ ಬೇಜಾರಾಯ್ತು.

ಬ್ಯಾಟರಿ ಇಳಿದರೆ ಮೋಟರ್ ಎಳೆಯುವುದಿಲ್ಲ, ಹಾಗಾಗಿ ಮೊದಲು ಅದನ್ನೇ ನೋಡಿದೆವು. 12.6 ವೋಲ್ಟ್ ಇದೆ, ಅಂದರೆ ಚಾರ್ಜ್ ಸರಿಯಾಗಿದೆ. ಕೆಳಗೆ ಒಂದೇ ಮೋಟರ್, ಎರಡು ಕಡೆ ಹಲ್ಲಿನ ಪಟ್ಟಿ, ನಡುವೆ ಎರಡೂ ಕಡೆಯ ಗೇರ್ ಒಟ್ಟಿಗೆ ತಿರುಗಿಸುವ ಶಾಫ್ಟ್. ಹಿಂದಿನ ಗೇರ್ ಒಂದು ಹಲ್ಲು ಹಾರಿರಬೇಕು ಅಂತ ನನ್ನ ಅನುಮಾನ. ಸುಮ್ನೆ ಬಟನ್ ಒತ್ತುತ್ತಾ ಹೋದರೆ ಫ್ರೇಮ್ ಬಾಗಬಹುದು ಅಲ್ವಾ, ಅದಕ್ಕೇ ನಿಲ್ಲಿಸಿದ್ದೇವೆ.

ಭತ್ತ ಕೊಯ್ಯುವ ಮಷಿನ್ ರಿಪೇರಿ ಮಾಡುವವರಾದರೂ ಪರವಾಗಿಲ್ಲ, ಎರಡೂ ಬದಿ ಸಮ ಮಾಡಿ ಕೂರಿಸುವ ಕೈ ಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.