ಸ್ಥಳೀಯ ಗಿಡಗಳನ್ನೇ ‘ಕಳೆ’ ಅಂತ ನೋಟಿಸ್ ಕೊಟ್ಟಿದ್ದಾರೆ, ಏನು ಮಾಡಲಿ?

ಹಿತ್ತಲಗಿಡ:
ಮನೆ ಮುಂದಿನ ಹುಲ್ಲುಹಾಸು ಕಿತ್ತು ಎರಡು ವರ್ಷ ಆಯ್ತು. ಈ ಭಾಗದಲ್ಲಿ ಮೊದಲಿಂದಲೂ ಬೆಳೆಯುವ ಗಿಡಗಳನ್ನೇ ಹುಡುಕಿ ನೆಟ್ಟಿದ್ದೇನೆ. ಎಕ್ಕದ ಜಾತಿಯ, ಹಾಲು ಒಸರುವ ಗಿಡ ಒಂದಿದೆ, ಅದರ ಎಲೆ ಮಗುಚಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಚಿಟ್ಟೆಹುಳಗಳು ಕೂತಿರುತ್ತವೆ, ಬೆಳಿಗ್ಗೆ ಎದ್ದ ಕೂಡಲೇ ಅವನ್ನು ಎಣಿಸೋದು ನನಗೆ ರೂಢಿಯಾಗಿದೆ. ಈಗ ಬಡಾವಣೆ ಸಂಘದಿಂದ ನೋಟಿಸ್. ‘ಕಳೆ ಒಂದು ಅಡಿ ಮೀರಿದೆ, ಹದಿನೈದು ದಿನದಲ್ಲಿ ಕತ್ತರಿಸಿ’ ಅಂತೆ. ಕತ್ತರಿಸಿದರೆ ಹುಳಗಳು ಸತ್ತೇ ಹೋಗುತ್ತವೆ. ಯಾರಿಗಾದರೂ ಹೀಗಾಗಿದೆಯಾ?

ಮಣ್ಣುಕೈ:
ನನಗೆ ಆಗಿತ್ತು. ಸುಮ್ನೆ ಜಗಳಕ್ಕೆ ಹೋಗಬೇಡಿ, ಮೊದಲು ನಿಯಮದ ಪೂರ್ತಿ ಪ್ರತಿ ಕೇಳಿ ತಗೊಳ್ಳಿ. ‘ಕಳೆ’ ಅಂದರೆ ಯಾವುದು ಅಂತ ಅದರಲ್ಲಿ ಬರೆದಿದೆಯಾ ನೋಡಿ. ನಮ್ಮಲ್ಲಿ ಬರೆದಿರಲಿಲ್ಲ, ಬೇಕೆಂದೇ ನೆಟ್ಟ ಗಿಡಗಳಿಗೆ ಎತ್ತರದ ಮಿತಿ ಇಲ್ಲ ಅನ್ನೋ ಸಾಲು ಮಾತ್ರ ಕೊನೆಯ ಪುಟದಲ್ಲಿತ್ತು. ಪ್ರತಿ ಗಿಡದ ಹೆಸರು, ಎಲ್ಲಿ ನೆಟ್ಟಿದ್ದೀರಿ ಅನ್ನೋ ನಕ್ಷೆ, ಫೋಟೋ ಸೇರಿಸಿ ಗಡುವಿನ ಒಳಗೇ ಬರೆದು ಕೊಡಿ. ಬಾಯಿಮಾತಲ್ಲಿ ಹೇಳಿದ್ದು ದಾಖಲೆ ಆಗಲ್ಲ.

ನೆರಳುಮರ:
ಕಾಗದದ ಜೊತೆ ತೋಟದ ನೋಟವೂ ಮುಖ್ಯ. ದಾರಿ ಬದಿಗೆ ಒಂದು ಸಾಲು ಕಲ್ಲು ಜೋಡಿಸಿ, ಗಿಡ್ಡ ಗಿಡ ಮುಂದೆ ಬರಲಿ, ಎತ್ತರದ್ದು ಗೋಡೆ ಕಡೆ ಇರಲಿ. ಅಂಚು ನೇರವಾಗಿದ್ದರೆ ಒಳಗೆ ಎಷ್ಟೇ ಹಬ್ಬಿದ್ದರೂ ಇದನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ತಿರುವಿನಲ್ಲಿ ವಾಹನ ಕಾಣದಂತೆ ಗಿಡ ಬೆಳೆದಿದ್ದರೆ ಮಾತ್ರ ಅದನ್ನು ಕತ್ತರಿಸಲೇಬೇಕು, ಅದರಲ್ಲಿ ವಾದ ಬೇಡ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2021ರಲ್ಲಿ ಇದಕ್ಕೇ ಕಾನೂನು ಮಾಡಿತು. ಜೇನುನೊಣ, ಚಿಟ್ಟೆಗಳಿಗೆ ನೆರವಾಗುವ ತೋಟಕ್ಕೆ ಅಲ್ಲಿನ ಮನೆಮಾಲೀಕರ ಸಂಘಗಳು ವಿನಾಕಾರಣ ಅಡ್ಡಿ ಮಾಡುವಂತಿಲ್ಲ. ಆದರೆ ಮಾಲೀಕರು ತೋಟವನ್ನು ಆಗಾಗ ನೋಡಿಕೊಳ್ಳುತ್ತಿರಬೇಕು ಅನ್ನೋ ಷರತ್ತೂ ಅದರಲ್ಲಿದೆ. ನ್ಯಾಯವೇ ಅಲ್ವಾ?

ಬೇರುಬಿಳಲು:
ಒಂದು ಮಾತು. ತಾನಾಗಿ ಹುಟ್ಟಿದ್ದೆಲ್ಲ ಸ್ಥಳೀಯ ಗಿಡ ಅಲ್ಲ. ಲಂಟಾನ ಎಲ್ಲೆಲ್ಲೂ ಹಬ್ಬಿದೆ, ಅದರ ಮೂಲ ಅಮೆರಿಕ ಖಂಡಗಳು. ದಕ್ಷಿಣ ಆಫ್ರಿಕಾದಲ್ಲಿ ಅದನ್ನು ನಿಯಂತ್ರಿಸೋದು ಜಮೀನು ಮಾಲೀಕರ ಮೇಲೆ ಕಾನೂನೇ ಹೊರಿಸಿರುವ ಹೊಣೆ. ನಿಮ್ಮ ಪಟ್ಟಿಯಲ್ಲಿ ಅಂಥದ್ದೊಂದು ಸಿಕ್ಕರೆ ಉಳಿದ ಗಿಡಗಳ ಪರ ನೀವು ಆಡುವ ಮಾತಿಗೂ ಬೆಲೆ ಇರಲ್ಲ.

ಹಿತ್ತಲಗಿಡ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ಪಟ್ಟಿ ಬರೆಯಲು ಕೂತೆ. ಹದಿನೇಳು ಬಗೆ ಇವೆ, ಎರಡರ ಹೆಸರು ಗೊತ್ತಿಲ್ಲ, ಸಂಜೆ ಫೋಟೋ ಹಾಕುತ್ತೇನೆ. ಬೇಲಿ ಮೂಲೆಯಲ್ಲಿ ಲಂಟಾನ ಇದ್ದೇ ಇತ್ತು. ಬುಡ ಸಮೇತ ಅಗೆದು ತೆಗೆದೆ.